ಮಾರ್ಜಿನ್‌ನಲ್ಲಿ ‘ಸುಸ್ತು’ ಅಂತ ಬರೆದಿದ್ದೆ

ಭಾನುವಾರ ಬೆಳಿಗ್ಗೆ ಅಮ್ಮ ಫೋನ್ ಮಾಡಿದಾಗ ನಾನು ಬಸ್ ಸ್ಟಾಪಿನಲ್ಲಿದ್ದೆ. “ಇವತ್ತೂ ಹೋಗ್ಬೇಕಾ ಮಗ? ಯಾರಿಗ್ ಊಟ ಹಾಕಕ್ಕೆ ಹೋಗ್ತಿದೀಯ?” ಅಂದಳು. ತಿಪಟೂರಿನ ನಮ್ಮ ಮನೆಯಲ್ಲಿ ಹಸು ಇದ್ದಷ್ಟು ವರ್ಷ ಅಮ್ಮ ಒಂದು ರಾತ್ರಿಯೂ ಬೇರೆ ಊರಲ್ಲಿ ಉಳಿದವಳಲ್ಲ. ಹಾಗಾಗಿ ಅವಳ ಪ್ರಶ್ನೆಯಲ್ಲಿ ಆಕ್ಷೇಪಣೆ ಇರಲಿಲ್ಲ. “ಸೆಲ್ಸ್‌ಗೆ ಅಮ್ಮ, ಇವತ್ತಿಗೆ ಮೂರನೇ ದಿನ, ಮೀಡಿಯಾ ಬದಲಾಯಿಸ್ಬೇಕು” ಅಂದೆ. “ಹೋಗು ಮತ್ತೆ, ಹಸ್ಕೊಂಡಿರ್ತವೆ” ಅಂತ ಫೋನ್ ಇಟ್ಟಳು.

ಸೆಲ್ಸ್ ಅಂದರೆ ಕೋಶಗಳು, ಮೀಡಿಯಾ ಅಂದರೆ ಅವುಗಳಿಗೆ ಊಟವಾಗುವ ದ್ರವ. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಟಿ ಕೋಶಗಳನ್ನು ಸಾಕುತ್ತೇನೆ. ‘ಸಾಕುವುದು’ ಅನ್ನುವ ಮಾತನ್ನು ಬೇಕೆಂದೇ ಬಳಸಿದ್ದೇನೆ, ನನ್ನ ಕೆಲಸದ ಮುಕ್ಕಾಲು ಪಾಲು ಅದೇ. ಟಿ ಕೋಶ ಅಂದರೆ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ಮೂಳೆಯ ಮಜ್ಜೆಯಲ್ಲಿ ಹುಟ್ಟಿ, ಹೃದಯದ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಗೆ ಹೋಗಿ ಬಲಿಯುತ್ತದೆ. ಹೆಸರಿನ ‘ಟಿ’ ಬಂದದ್ದು ಅಲ್ಲಿಂದಲೇ. ಆ ಗ್ರಂಥಿಗೆ ಏನು ಕೆಲಸ ಅನ್ನುವುದು 1961ರಲ್ಲಿ ಜಾಕ್ ಮಿಲ್ಲರ್ ಆಗಷ್ಟೇ ಹುಟ್ಟಿದ ಇಲಿಮರಿಗಳಲ್ಲಿ ಅದನ್ನು ತೆಗೆದು ನೋಡಿದ ಮೇಲೆ ತಿಳಿಯಿತು. ಸೋಂಕು ತಗುಲಿದ ಕೋಶ, ಕ್ಯಾನ್ಸರ್‌ಗೆ ತಿರುಗಿದ ಕೋಶ, ಇಂಥವುಗಳನ್ನು ಮುಟ್ಟಿ ನೋಡಿ ಗುರುತಿಸಿ ಕೊಲ್ಲುವುದು ಟಿ ಕೋಶಗಳ ಕಸುಬು. ದಿನಗಟ್ಟಲೆ ಕೊಲ್ಲುತ್ತಲೇ ಇದ್ದರೆ ಅವು ಸುಸ್ತಾಗುತ್ತವೆ. ಆ ಸುಸ್ತೇ ನಾನು ಓದುತ್ತಿರುವ ವಿಷಯ.

ಎರಡು ವರ್ಷದ ಹಿಂದೆ ಆ ಸುಸ್ತನ್ನೇ ನಾನು ತಪ್ಪಾಗಿ ಓದಿದೆ. ನಾಲ್ಕು ತಿಂಗಳ ಕೆಲಸ ಹೋಯಿತು. ಅದನ್ನು ಕನ್ನಡದಲ್ಲಿ ಬರೆದಿಡಬೇಕು ಅಂತ ಅವತ್ತಿನಿಂದಲೂ ಇತ್ತು. ತಪ್ಪು ಎಲ್ಲಾಯಿತು ಅನ್ನುವುದು ನನಗೆ ಹೊಳೆದಿದ್ದು ಕನ್ನಡದ ಎರಡು ಶಬ್ದಗಳಿಂದ.

ಮೊದಲು ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಎಲ್ಲವೂ ಶುರುವಾಗುವುದು ಯಾರದ್ದೋ ರಕ್ತದಿಂದ. ಎಥಿಕ್ಸ್ ಕಮಿಟಿ ಒಪ್ಪಿದ ಫಾರಂಗೆ ಸಹಿ ಹಾಕಿ ಆರೋಗ್ಯವಂತರೊಬ್ಬರು 20 ಮಿಲಿಲೀಟರ್ ರಕ್ತ ಕೊಡುತ್ತಾರೆ. ನಾನೇ ಕೊಡಬಹುದಲ್ಲ ಅಂತ ಸೇರಿದ ಹೊಸತರಲ್ಲಿ ಕೇಳಿದ್ದೆ. ಕೂಡದು. ಬೇರೆಯವರ ಕೋಶ ಅಕಸ್ಮಾತ್ ಸೂಜಿ ಚುಚ್ಚಿ ನನ್ನ ಮೈಸೇರಿದರೆ ನನ್ನ ದೇಹ ಅದನ್ನು ಹೊರಗಿನದು ಅಂತ ಗುರುತಿಸಿ ಹೊಡೆದುಹಾಕುತ್ತದೆ. ನನ್ನದೇ ಕೋಶವನ್ನು ನಾನೇ ಲ್ಯಾಬಿನಲ್ಲಿ ತಿದ್ದಿ ಅದು ಒಳಗೆ ಹೋದರೆ, ದೇಹ ಅದನ್ನು ಮನೆಯವರೇ ಅಂದುಕೊಂಡು ಬಿಟ್ಟುಬಿಡಬಹುದು. ಅದಕ್ಕೇ ಅವರವರ ರಕ್ತದ ಮೇಲೆ ಅವರವರೇ ಕೆಲಸ ಮಾಡುವಂತಿಲ್ಲ. ಈ ಒಂದು ನಿಯಮದಲ್ಲಿ ಇಡೀ ಇಮ್ಯುನಾಲಜಿ ಅಡಗಿದೆ ಅಂತ ನನಗೆ ಈಗಲೂ ಅನಿಸುತ್ತದೆ.

ರಕ್ತವನ್ನು ಐಸ್ ಮೇಲೆ ಇಡಬಾರದು, ರೂಮಿನ ಬಿಸಿಯಲ್ಲೇ ತರಬೇಕು. ಅದನ್ನು ತೆಳು ಮಾಡಿ, ಫೈಕಾಲ್ ಅನ್ನುವ ಸಕ್ಕರೆ ಪಾಕದಂಥ ದ್ರವದ ಮೇಲೆ ಪದರವಾಗಿ ಬಿಡಬೇಕು. ಟ್ಯೂಬನ್ನು ಓರೆಯಾಗಿ ಹಿಡಿದು, ಗೋಡೆಗೆ ತಾಗಿಸಿ, ಪಿಪೆಟ್‌ನಿಂದ ಹನಿ ಹನಿಯಾಗಿ. ಕೈ ಸ್ವಲ್ಪ ಅವಸರ ಮಾಡಿದರೂ ಎರಡೂ ಕಲಸಿಹೋಗುತ್ತವೆ. ಅರ್ಧ ಗಂಟೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಬೇಕು, ನಿಲ್ಲುವಾಗ ಬ್ರೇಕ್ ಹಾಕಬಾರದು, ತಾನಾಗಿಯೇ ನಿಲ್ಲಬೇಕು. ಮುಚ್ಚಳ ತೆಗೆದಾಗ ಕೆಂಪು ಕಣಗಳೆಲ್ಲ ತಳದಲ್ಲಿ, ಮೇಲೆ ಹಳದಿ ಪ್ಲಾಸ್ಮಾ, ನಡುವೆ ಒಂದು ಬಿಳಿ ಉಂಗುರ. ಕಾಸಿದ ಹಾಲಿನ ಮೇಲೆ ಮೊದಲು ಕಟ್ಟುವ ಕೆನೆಗಿಂತಲೂ ತೆಳು. ಒಂಬತ್ತು ವರ್ಷದಿಂದ ನೋಡುತ್ತಿದ್ದೇನೆ, ಆ ಉಂಗುರ ಕಂಡಾಗಲೆಲ್ಲ ಒಂದು ಕ್ಷಣ ಉಸಿರು ಹಿಡಿಯುತ್ತೇನೆ. ಒಂದು ಮಿಲಿಲೀಟರ್ ರಕ್ತಕ್ಕೆ ಹೆಚ್ಚು ಕಡಿಮೆ 10 ಲಕ್ಷ ಕೋಶಗಳು ಸಿಗುತ್ತವೆ. ಅದರಲ್ಲಿ ಹೆಚ್ಚಿನವು ಟಿ ಕೋಶಗಳು.

ಸಿಕ್ಕ ಟಿ ಕೋಶಗಳನ್ನು ಎಬ್ಬಿಸಬೇಕು. ಅವುಗಳ ಮೈಮೇಲಿರುವ ಸಿಡಿ3, ಸಿಡಿ28 ಅನ್ನುವ ಎರಡು ಗುಂಡಿಗಳನ್ನು ಒತ್ತುವ ಪ್ರತಿಕಾಯಗಳನ್ನು (ಆ್ಯಂಟಿಬಾಡಿ) ಸಣ್ಣ ಮಣಿಗಳಿಗೆ ಅಂಟಿಸಿ ಹಾಕುತ್ತೇವೆ. ಎರಡು ದಿನದಲ್ಲಿ ಕೋಶಗಳು ಊದಿಕೊಂಡು, ದ್ರಾಕ್ಷಿ ಗೊಂಚಲಿನ ಹಾಗೆ ಗುಂಪುಗೂಡುತ್ತವೆ. ಆಗ ಎಚ್‌ಐವಿಯಿಂದಲೇ ರೂಪಿಸಿದ, ರೋಗ ತರುವ ಭಾಗಗಳನ್ನು ತೆಗೆದುಹಾಕಿದ ಲೆಂಟಿವೈರಸ್ ಮೂಲಕ ಒಂದು ಹೊಸ ಜೀನನ್ನು ಒಳಗೆ ಕಳಿಸುತ್ತೇವೆ. ಆ ಜೀನ್ ಟಿ ಕೋಶದ ಮೈಮೇಲೆ ಹೊಸದೊಂದು ಗ್ರಾಹಕವನ್ನು (ರಿಸೆಪ್ಟರ್) ಹುಟ್ಟಿಸುತ್ತದೆ. ಅದನ್ನೇ ‘ಕಾರ್’ ಅನ್ನುವುದು. ಅದು ಸಿಡಿ19 ಅನ್ನುವ ಗುರುತಿರುವ ಬಿ ಕೋಶಗಳನ್ನು (ಬಿಳಿ ರಕ್ತಕಣಗಳ ಇನ್ನೊಂದು ಬಗೆ) ಹುಡುಕಿ ಹಿಡಿಯುತ್ತದೆ. ಕೆಲವು ಬಗೆಯ ಲ್ಯುಕೇಮಿಯಾ, ಲಿಂಫೋಮಾ ಇವೇ ಬಿ ಕೋಶಗಳ ಕ್ಯಾನ್ಸರ್.

ಈ ಯೋಚನೆಯ ಬೀಜ ಹಾಕಿದವರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಝೆಲಿಗ್ ಎಶ್ಹಾರ್ ಮುಖ್ಯರು, 1989ರಲ್ಲಿ. ರೋಗಿಯ ಟಿ ಕೋಶಗಳನ್ನೇ ಹೀಗೆ ತಿದ್ದಿ ಮೈಗೆ ವಾಪಸು ಕೊಡುವುದು ಕಾರ್ ಟಿ ಚಿಕಿತ್ಸೆ. ಅಮೆರಿಕದಲ್ಲಿ ಅಂಥ ಮೊದಲ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿದ್ದು 2017ರಲ್ಲಿ. ನಮ್ಮ ದೇಶದಲ್ಲಿ ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ಅವರ ತಂಡ, ಟಾಟಾ ಮೆಮೋರಿಯಲ್ ವೈದ್ಯರು ಸೇರಿ ಮಾಡಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಬಂತು. ಆ ಸುದ್ದಿ ಬಂದ ದಿನ ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಮೈಸೂರು ಪಾಕ್ ಹಂಚಿದೆವು, ನಮಗೂ ಆ ತಂಡಕ್ಕೂ ಯಾವ ಸಂಬಂಧವೂ ಇಲ್ಲದಿದ್ದರೂ. 2025ರಲ್ಲಿ ಬೆಂಗಳೂರಿನ ಕಂಪನಿ ಇಮ್ಯುನೀಲ್‌ನಿಂದಲೂ ಒಂದು ಬಂತು. ಅಮೆರಿಕದಲ್ಲಿ ಮೊದಲ ಚಿಕಿತ್ಸೆಯ ಬೆಲೆ 4,75,000 ಡಾಲರ್ ಇತ್ತು. ಇಲ್ಲಿಯದು ಅದರ ಒಂದು ಸಣ್ಣ ಪಾಲು. ಆದರೂ ಲಕ್ಷಗಳಲ್ಲೇ ಇದೆ. ಕೊಬ್ಬರಿ ಮಾರಿ ಬದುಕುವ ನಮ್ಮೂರಿನ ಮನೆಗಳಿಗೆ ಅದು ತೋಟ ಮಾರುವಷ್ಟು ದುಡ್ಡು. “ಎಷ್ಟಾಗತ್ತೆ?” ಅಂತ ಅಪ್ಪ ಕೇಳಿದಾಗ ನಾನು ಇದ್ದಂತೆಯೇ ಹೇಳಿದೆ. ಅಪ್ಪ ಸುಮ್ಮನಾದರು. ಆ ಮೌನ ನನಗೆ ಬೆಂಚಿನ ಮುಂದೆ ಕೂತಾಗ ಎಷ್ಟೋ ಸಲ ನೆನಪಾಗುತ್ತದೆ.

ಇನ್ನು ರಾಜಿ. ಕಾರ್ ಟಿ ಕೋಶಗಳು ಕೊಲ್ಲುತ್ತವೋ ಇಲ್ಲವೋ ನೋಡಬೇಕಾದರೆ ಕೊಲ್ಲಿಸಿಕೊಳ್ಳಲು ಕ್ಯಾನ್ಸರ್ ಕೋಶ ಬೇಕಲ್ಲ. ನಾವು ಬಳಸುವುದು ರಾಜಿ ಅನ್ನುವ ಕೋಶಸಾಲು, ಅಂದರೆ ಲ್ಯಾಬಿನಲ್ಲಿ ಬೆಳೆಯುತ್ತಲೇ ಹೋಗುವ ಕೋಶಗಳ ಒಂದು ವಂಶ. “ರಾಜಿಗೆ ಊಟ ಹಾಕಿ ಬರ್ತೀನಿ” ಅಂತ ಒಂದು ಸಲ ಫೋನಿನಲ್ಲಿ ಅಂದಾಗ ಅಮ್ಮ ಯಾರೋ ರಾಜೇಶ್ವರಿ ಅಂದುಕೊಂಡಿದ್ದಳು. 1963ರಲ್ಲಿ ನೈಜೀರಿಯಾದ 11 ವರ್ಷದ ಹುಡುಗನೊಬ್ಬನ ದವಡೆಯ ಗೆಡ್ಡೆಯಿಂದ ತೆಗೆದ ಕೋಶಗಳು ಅವು ಅಂತ ಹೇಳಿದೆ. ಬರ್ಕಿಟ್ ಲಿಂಫೋಮಾ ಅನ್ನುವ ಕ್ಯಾನ್ಸರ್. ಪಲ್ವರ್‌ಟಾಫ್ಟ್ ಅನ್ನುವ ವೈದ್ಯರು ಅವನ್ನು ಗಾಜಿನ ಬಾಟಲಿಯಲ್ಲಿ ಬೆಳೆಸಿದರು. ರಕ್ತದ ಕೋಶಗಳ ವಂಶಕ್ಕೆ ಸೇರಿ, ಹೊರಗೆ ನಿಲ್ಲದೆ ಬೆಳೆಯುತ್ತಾ ಹೋದ ಮೊದಲ ಮಾನವ ಕೋಶಸಾಲು ಅದು. ಅಮ್ಮ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, “ಹನ್ನೊಂದ್ ವರ್ಷದ್ ಮಗೂನ” ಅಂದಳು. ಅವತ್ತಿನಿಂದ ಅವಳು ರಾಜಿ ಅನ್ನುವುದಿಲ್ಲ, “ಆ ಹುಡುಗ ಹೇಗಿದಾನೆ” ಅಂತಲೇ ಕೇಳುತ್ತಾಳೆ.

ನನ್ನ ಪ್ರಯೋಗ ಇಷ್ಟೇ. ಒಂದು ಬಾವಿಯಲ್ಲಿ (ಪ್ಲಾಸ್ಟಿಕ್ ತಟ್ಟೆಯ ಸಣ್ಣ ಗುಂಡಿಗೆ ನಾವು ಹೀಗನ್ನುತ್ತೇವೆ) ಕಾರ್ ಟಿ ಕೋಶಗಳು ಮತ್ತು ರಾಜಿ ಸಮಸಮ. ಮೂರು ದಿನದಲ್ಲಿ ರಾಜಿ ಖಾಲಿ. ಮತ್ತೆ ಅಷ್ಟೇ ರಾಜಿ ಸುರಿ. ಮತ್ತೆ ಮೂರು ದಿನ. ಹೀಗೆ ಸುತ್ತಿನ ಮೇಲೆ ಸುತ್ತು. ಒಂದು ಹಂತದಲ್ಲಿ ಟಿ ಕೋಶಗಳಿಗೆ ಕೈಲಾಗುವುದಿಲ್ಲ. ರಾಜಿ ಉಳಿದುಬಿಡುತ್ತವೆ, ಬೆಳೆಯತೊಡಗುತ್ತವೆ. ರೋಗಿಯ ಮೈಯೊಳಗೆ ದೊಡ್ಡ ಗೆಡ್ಡೆಯ ಎದುರು ನಡೆಯುವುದೂ ಹೆಚ್ಚು ಕಡಿಮೆ ಇದೇ. ಎಷ್ಟನೇ ಸುತ್ತಿಗೆ ಸುಸ್ತು, ಆ ಸುಸ್ತನ್ನು ತಡೆಯಲು ಏನು ಮಾಡಬಹುದು, ಇದು ನನ್ನ ಪ್ರಶ್ನೆ.

ಈ ಸುಸ್ತಿಗೆ ಇಂಗ್ಲಿಷಿನಲ್ಲಿ ಎಕ್ಸಾಸ್ಷನ್ ಅನ್ನುತ್ತಾರೆ. 1993ರಲ್ಲಿ ಇಲಿಗಳಿಗೆ ಒಂದು ವೈರಸ್ಸನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ, ಅದನ್ನು ಎದುರಿಸುವ ಟಿ ಕೋಶಗಳು ಕಾದಾಡಿ ಕಾದಾಡಿ ಕಾಣೆಯಾಗುವುದನ್ನು ಗಮನಿಸಿ ಆ ಶಬ್ದ ಬಳಸಿದರು. ಕೆಲವೇ ವರ್ಷಗಳಲ್ಲಿ ಇನ್ನೊಂದು ತಿಳಿಯಿತು. ಎಲ್ಲ ಕೋಶಗಳೂ ಕಾಣೆಯಾಗುವುದಿಲ್ಲ, ಕೆಲವು ಬದುಕಿಯೇ ಇರುತ್ತವೆ, ಕೆಲಸ ಮಾತ್ರ ಮಾಡುವುದಿಲ್ಲ. ಮೊದಲು ಐಎಲ್-2 ಅನ್ನುವ ರಸ ಮಾಡುವುದನ್ನು ನಿಲ್ಲಿಸುತ್ತವೆ, ಕೊನೆಗೆ ಇಂಟರ್‌ಫೆರಾನ್ ಗಾಮಾ. ಮೈಮೇಲೆ ಪಿಡಿ-1, ಟಿಮ್-3, ಲ್ಯಾಗ್-3 ಅನ್ನುವ ಲಗಾಮುಗಳು ಮೂಡುತ್ತವೆ. ಪಿಡಿ-1 ಅನ್ನು 1992ರಲ್ಲಿ ಕಂಡುಹಿಡಿದದ್ದು ಜಪಾನಿನ ತಸುಕು ಹೊಂಜೊ ಅವರ ಲ್ಯಾಬು. ಹೈದರಾಬಾದಿನಲ್ಲಿ ಹುಟ್ಟಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿರುವ ರಫಿ ಅಹ್ಮದ್ ಅವರ ತಂಡ 2006ರಲ್ಲಿ ಆ ಲಗಾಮು ಸಡಿಲಿಸಿದರೆ ಸುಸ್ತಾದ ಕೋಶಗಳು ಮತ್ತೆ ಏಳುತ್ತವೆ ಅಂತ ಇಲಿಗಳಲ್ಲಿ ತೋರಿಸಿತು. 2018ರ ನೊಬೆಲ್ ಹೊಂಜೊ ಅವರಿಗೂ, ಇಂಥದ್ದೇ ಇನ್ನೊಂದು ಲಗಾಮಿನ ಮೇಲೆ ಕೆಲಸ ಮಾಡಿದ ಜೇಮ್ಸ್ ಆ್ಯಲಿಸನ್ ಅವರಿಗೂ ಸಂದಿತು. ಇವತ್ತು ಕಿದ್ವಾಯಿಯಂಥ ಆಸ್ಪತ್ರೆಯ ಕಾರಿಡಾರಿನಲ್ಲಿ ‘ಇಮ್ಯುನೊಥೆರಪಿ’ ಅನ್ನುವ ಮಾತು ಕಿವಿಗೆ ಬಿದ್ದರೆ ಅದರ ಹಿಂದೆ ಇರುವುದು ಬಹುಪಾಲು ಈ ಲಗಾಮಿನ ಕಥೆಯೇ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನಮ್ಮಲ್ಲಿದ್ದ ರಾಜಿಯ ದಾಸ್ತಾನು ಹಳೆಯದಾಗಿತ್ತು. ಬೇರೊಂದು ಲ್ಯಾಬಿನಿಂದ ಒಂದು ವಯಲ್ (ಸಣ್ಣ ಶೀಶೆ) ತರಿಸಿಕೊಂಡೆ. ಹೊರಗಿಂದ ಬಂದ ಯಾವುದೇ ಕೋಶವನ್ನು ಬೇರೆ ಇನ್‌ಕ್ಯುಬೇಟರಿನಲ್ಲಿ ಎರಡು ವಾರ ಇಟ್ಟು, ಮೈಕೊಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಇಲ್ಲವೆಂದು ಪರೀಕ್ಷೆ ಮಾಡಿದ ಮೇಲೆಯೇ ಒಳಗೆ ಬಿಟ್ಟುಕೊಳ್ಳಬೇಕು. ಗೋಡೆಯ ಮೇಲೆ ಅಂಟಿಸಿದ್ದ ನಿಯಮ ಅದು, ಅಂಟಿಸಿದವಳು ನಾನೇ. ಆ ವಾರ ರಕ್ತ ಕೊಡುವವರು ಸಿಕ್ಕಿದ್ದರು, ವೈರಸ್ ಸಿದ್ಧವಾಗಿತ್ತು, ಸಮ್ಮೇಳನಕ್ಕೆ ಪೋಸ್ಟರ್ ಕಳಿಸುವ ಕೊನೆಯ ದಿನ ಹತ್ತಿರವಿತ್ತು. ಕೋಶಗಳು ಮೈಕ್ರೊಸ್ಕೋಪಿನಲ್ಲಿ ದುಂಡಗೆ, ಹೊಳೆಯುತ್ತಾ, ಚೆನ್ನಾಗಿ ಕಂಡವು. ಬಿಟ್ಟುಕೊಂಡೆ.

ಮೂರನೇ ಸುತ್ತಿಗೇ ಟಿ ಕೋಶಗಳು ಸೋತವು. ಆರನೇ ಸುತ್ತಿನವರೆಗೆ ತಡೆಯುತ್ತವೆ ಅಂತ ನಾನು ಅಂದುಕೊಂಡಿದ್ದೆ. ಗೊಂಚಲು ಕಟ್ಟುವುದನ್ನು ಬಿಟ್ಟು ಒಂಟೊಂಟಿಯಾಗಿ ತಳದಲ್ಲಿ ಬಿದ್ದಿದ್ದವು. ನೋಟ್‌ಬುಕ್ಕಿನಲ್ಲಿ ಲೆಕ್ಕವೆಲ್ಲ ಇಂಗ್ಲಿಷಿನಲ್ಲಿ ಬರೆಯುತ್ತೇನೆ, ಮನಸ್ಸಿಗೆ ಬಂದದ್ದನ್ನು ಮಾತ್ರ ಮಾರ್ಜಿನ್‌ನಲ್ಲಿ ಕನ್ನಡದಲ್ಲಿ. ಅವತ್ತು ‘ಸುಸ್ತು!’ ಅಂತ ಬರೆದೆ, ಆಶ್ಚರ್ಯ ಚಿಹ್ನೆ ಹಾಕಿ.

ಆಮೇಲೆ ಆದದ್ದೇ ನನ್ನನ್ನು ಪೂರ್ತಿ ದಾರಿ ತಪ್ಪಿಸಿದ್ದು. ಅರ್ಜಿನಿನ್ ಅನ್ನುವ ಅಮೈನೊ ಆಮ್ಲ ಟಿ ಕೋಶಗಳಿಗೆ ಬಲ ಕೊಡುತ್ತದೆ ಅಂತ 2016ರಲ್ಲಿ ಸ್ವಿಟ್ಜರ್ಲೆಂಡಿನ ಲಾಂಜಾವೆಕಿಯಾ ಅವರ ಲ್ಯಾಬಿನಿಂದ ಒಂದು ಒಳ್ಳೆಯ ಪ್ರಬಂಧ ಬಂದಿತ್ತು. ಅದನ್ನು ಓದಿದ್ದವಳು ನನ್ನ ಸುಸ್ತಾದ ಬಾವಿಗಳಿಗೆ ಅರ್ಜಿನಿನ್ ಹಾಕಿ ನೋಡಿದೆ. ಎರಡು ದಿನದಲ್ಲಿ ಕೋಶಗಳು ಎದ್ದವು! ಮತ್ತೆ ಗೊಂಚಲು, ಮತ್ತೆ ರಾಜಿ ಖಾಲಿ. ಇನ್ನೊಬ್ಬರ ರಕ್ತದಲ್ಲಿ ಮಾಡಿದೆ, ಅದೇ. ಮೂರನೆಯವರದ್ದರಲ್ಲಿ, ಅದೇ. ರಾಜಿ ಹಾಕದೆ ಬಿಟ್ಟಿದ್ದ ಟಿ ಕೋಶಗಳು ಹುಷಾರಾಗಿಯೇ ಇದ್ದವು, ಅಂದರೆ ಕೊಂದದ್ದರಿಂದಲೇ ಸುಸ್ತು ಅಂತ ಆಯಿತಲ್ಲ. ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತ್ತು. ರಾತ್ರಿ ಮನೆಗೆ ಬಂದು ನಿದ್ದೆ ಬರುತ್ತಿರಲಿಲ್ಲ. ಸಾಮಾನ್ಯವಾಗಿ ಸಿಗುವ, ಅಗ್ಗದ ವಸ್ತುವೊಂದು ಈ ಚಿಕಿತ್ಸೆಯನ್ನು ಗಟ್ಟಿ ಮಾಡುತ್ತದೆ ಅನ್ನುವ ಆಸೆ ಎಷ್ಟು ದೊಡ್ಡದು ಅಂತ ಅಪ್ಪನ ಆ ಮೌನ ಕಂಡವಳಿಗೆ ಗೊತ್ತು. ಪೋಸ್ಟರಿನ ಸಾರಾಂಶ ಕಳಿಸಿದೆ.

ನಮ್ಮ ಲ್ಯಾಬಿಗೆ ಆಗಷ್ಟೇ ಸೇರಿದ್ದ ಹುಡುಗನೊಬ್ಬ, ಎಂಎಸ್‌ಸಿ ಪ್ರಾಜೆಕ್ಟಿಗೆ ಬಂದಿದ್ದವನು, ನನ್ನ ಗ್ರಾಫ್‌ಗಳನ್ನು ನೋಡುತ್ತಾ ಕೂತಿದ್ದ. “ಅಕ್ಕಾ, ಈ ನಾಲ್ಕನೇ ಸಾಲು ಯಾವ್ದು?” ಅಂದ. ಕಾರ್ ಹಾಕದ ಟಿ ಕೋಶಗಳಿಗೆ ರಾಜಿ ಸೇರಿಸಿದ್ದು, ಹೋಲಿಕೆಗೆ, ಅಂದೆ. “ಕಾರ್ ಇಲ್ಲ ಅಂದ್ರೆ ಅವು ರಾಜೀನ ಕೊಲ್ಲಲ್ಲ ಅಲ್ವಾ ಅಕ್ಕಾ? ಮತ್ತೆ ಅವ್ಯಾಕೆ ಸುಸ್ತಾಗಿವೆ?”

ಆ ಸಾಲನ್ನು ನಾನು ನೋಡಿರಲಿಲ್ಲ ಅಂತಲ್ಲ. ನೋಡಿದ್ದೆ. ರಾಜಿ ಬೇರೆ ಮನುಷ್ಯನ ಕೋಶ, ಅದನ್ನು ಪರಕೀಯ ಅಂತ ಕಂಡು ಇವೂ ಸ್ವಲ್ಪ ಕಾದಾಡಿರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದು ಸುಳ್ಳಾದ ಕಾರಣವೇನಲ್ಲ, ನಿಜವಾಗಿಯೂ ಹಾಗಾಗುತ್ತದೆ. ಆದರೆ ಹಾಗೆ ಆಗಿದ್ದರೆ ಅವುಗಳ ಮೈಮೇಲೆ ಲಗಾಮುಗಳು ಏರಿರಬೇಕಿತ್ತು. ಹುಡುಗ ಹೋದ ಮೇಲೆ ಕಂಪ್ಯೂಟರಿನಲ್ಲಿ ಫ್ಲೋ ಸೈಟೊಮೆಟ್ರಿಯ (ಕೋಶಗಳ ಮೈಮೇಲಿನ ಗುರುತುಗಳನ್ನು ಅಳೆಯುವ ಪರೀಕ್ಷೆ) ಹಳೆಯ ಕಡತ ತೆಗೆದೆ. ಕಾರ್ ಇಲ್ಲದವುಗಳಲ್ಲಿ ಪಿಡಿ-1 ಏರಿರಲಿಲ್ಲ. ಕಾರ್ ಇದ್ದವುಗಳಲ್ಲೂ ಮೂರನೇ ಸುತ್ತಿಗೆ ಇರಬೇಕಾದಷ್ಟು ಇರಲಿಲ್ಲ. ಕೆಲಸವೇ ಮಾಡದ ಕೋಶಕ್ಕೆ, ಲಗಾಮು ಬೀಳದ ಕೋಶಕ್ಕೆ ಸುಸ್ತು ಎಲ್ಲಿಂದ ಬಂತು?

ಮಾರನೇ ದಿನ ರಾಜಿಯನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಡಿಎನ್‌ಎಗೆ ಅಂಟಿ ನೀಲಿಯಾಗಿ ಹೊಳೆಯುವ ಡ್ಯಾಪಿ ಬಣ್ಣ ಹಾಕಿ, ಕತ್ತಲೆ ಕೋಣೆಯಲ್ಲಿ ಕೂತೆ. ಶುದ್ಧ ಕೋಶವಾದರೆ ನೀಲಿ ಉಂಡೆಗಳು, ಅವು ಕೋಶಕೇಂದ್ರಗಳು, ಸುತ್ತ ಕಡುಗಪ್ಪು. ನನಗೆ ಕಂಡಿದ್ದು ಉಂಡೆಗಳ ಸುತ್ತ ರವೆ ಚೆಲ್ಲಿದ ಹಾಗೆ ಸಾವಿರಾರು ನೀಲಿ ಚುಕ್ಕೆಗಳು. ಫೋಕಸ್ ತಿರುಗಿಸಿದೆ, ಕನ್ನಡಕ ತೆಗೆದು ನೋಡಿದೆ, ಬೇರೆ ಪಟ್ಟಿ ಇಟ್ಟೆ. ಚುಕ್ಕೆಗಳು ಹೋಗಲಿಲ್ಲ. ಪಿಸಿಆರ್ ಮಾಡಿದಾಗ ಜೆಲ್‌ನಲ್ಲಿ ಬರಬಾರದ ಗೆರೆ ಬಂತು. ಮೈಕೊಪ್ಲಾಸ್ಮಾ.

ಮೈಕೊಪ್ಲಾಸ್ಮಾ ಅಂದರೆ ಬ್ಯಾಕ್ಟೀರಿಯಾಗಳಲ್ಲೇ ಅತಿ ಸಣ್ಣವು. ಅವಕ್ಕೆ ಕೋಶದ ಗೋಡೆಯೇ ಇಲ್ಲ, ಹಾಗಾಗಿ ನಾವು ಮೀಡಿಯಾಗೆ ಹಾಕುವ ಪೆನಿಸಿಲಿನ್ ಅವುಗಳಿಗೆ ತಟ್ಟುವುದಿಲ್ಲ. ಫಿಲ್ಟರಿನ ರಂಧ್ರದಲ್ಲಿ ನುಸುಳುತ್ತವೆ. ಒಂದು ಮಿಲಿಲೀಟರಿನಲ್ಲಿ ಕೋಟಿಗಟ್ಟಲೆ ಇದ್ದರೂ ಮೀಡಿಯಾ ಕದಡುವುದಿಲ್ಲ, ವಾಸನೆ ಬರುವುದಿಲ್ಲ, ಮಾಮೂಲಿ ಮೈಕ್ರೊಸ್ಕೋಪಿಗೆ ಕಾಣುವುದಿಲ್ಲ. 1956ರಿಂದಲೂ ಕೋಶ ಸಾಕುವ ಲ್ಯಾಬುಗಳನ್ನು ಕಾಡುತ್ತಿರುವ ಜೀವಿ ಇದು. ಇವುಗಳಲ್ಲಿ ಕೆಲವು ಬದುಕುವುದೇ ಅರ್ಜಿನಿನ್ ತಿಂದು. ನಾನು ಪ್ರತಿ ಸುತ್ತಿಗೆ ರಾಜಿ ಸುರಿದಾಗಲೆಲ್ಲ ಅದರ ಜತೆ ಇವನ್ನೂ ಸುರಿಯುತ್ತಿದ್ದೆ. ಇವು ಬಾವಿಯಲ್ಲಿದ್ದ ಅರ್ಜಿನಿನ್ ಖಾಲಿ ಮಾಡುತ್ತಿದ್ದವು. ಟಿ ಕೋಶಗಳು ಹಸಿದು ಬೀಳುತ್ತಿದ್ದವು. ನಾನು ಅರ್ಜಿನಿನ್ ಹಾಕಿದಾಗ ಏಳುತ್ತಿದ್ದವು. ರಾಜಿ ಬೀಳದ ಬಾವಿಯಲ್ಲಿ ಕಳ್ಳರಿಲ್ಲ, ಹಾಗಾಗಿ ಅವು ಹುಷಾರು. ನನ್ನ ಇಡೀ ಸಂಶೋಧನೆ ಇಷ್ಟೇ ಆಗಿತ್ತು.

ಕತ್ತಲೆ ಕೋಣೆಯಲ್ಲಿ ಕೂತಿದ್ದಾಗ ನೆನಪಾದದ್ದು ನಮ್ಮ ತೋಟ. ನಾನು ಚಿಕ್ಕವಳಿದ್ದಾಗ, 2000ದ ಆಸುಪಾಸಿನಲ್ಲಿ, ತಿಪಟೂರು ಕಡೆಯ ತೆಂಗಿನಕಾಯಿಗಳೆಲ್ಲ ಸಣ್ಣಗಾಗತೊಡಗಿದವು. ಸಿಪ್ಪೆಯ ಮೇಲೆ ಕಂದು ಕಲೆ, ಸೀಳು. ಮರ ಸುಸ್ತಾಗಿದೆ, ಬಿಡುವಿಲ್ಲದೆ ಫಸಲು ಕೊಟ್ಟು ದಣಿದಿದೆ ಅಂತ ಅಪ್ಪ ಮೊದಲು ಗೊಬ್ಬರ ಹಾಕಿಸಿದರು, ನೀರು ಹೆಚ್ಚು ಬಿಟ್ಟರು. ಕಾಯಿ ಸಣ್ಣಗೇ ಬಂತು. ಆಮೇಲೆ ತಿಳಿಯಿತು ಅದು ನುಸಿ. ಕಾಯಿಯ ತೊಟ್ಟಿನ ಬಟ್ಟಲ ಕೆಳಗೆ ಕೂತು ಎಳೆಯ ಸಿಪ್ಪೆಯ ರಸ ಹೀರುವ, ಕಣ್ಣಿಗೆ ಕಾಣದ ಹುಳ. ಕೃಷಿ ಇಲಾಖೆಯವರು ಭೂತಗನ್ನಡಿ ಹಿಡಿದು ತೊಟ್ಟು ಬಿಡಿಸಿ ತೋರಿಸಿದ್ದನ್ನು ನಾನೂ ಇಣುಕಿ ನೋಡಿದ್ದೆ. ಬಿಳಿ ಪುಡಿಯ ಹಾಗೆ ಏನೋ ಸರಿದಾಡಿತು. ಮೊದಲ ಸಲ ಭೂತಗನ್ನಡಿಯಲ್ಲಿ ಜೀವ ಕಂಡಿದ್ದು ಅವತ್ತೇ. ಅಪ್ಪ ಅಂದದ್ದೂ ನೆನಪಿದೆ: “ಮರಕ್ಕೇನೂ ದಣಿವಾಗಿರ್ಲಿಲ್ಲ ಕಣಮ್ಮ. ಅದರ್ ಊಟ ಇನ್ಯಾರೋ ತಿಂತಿದ್ರು.”

ದಣಿವು ಅಂದರೆ ದುಡಿದು ಬರುವುದು. ಹೊಟ್ಟೆಗಿಲ್ಲದೆ ಬರುವುದು ನಿತ್ರಾಣ. ಎರಡನ್ನೂ ಒಂದೇ ಗೋಣಿಗೆ ತುಂಬುವ ಮಾತು ಸುಸ್ತು. ಬೆಂಗಳೂರಿನಲ್ಲಿ ದಿನವಿಡೀ ಬಳಸುತ್ತೇವೆ, ಬಸ್ಸಿನಲ್ಲಿ ನಿಂತು ಬಂದರೂ ಸುಸ್ತು, ಊಟ ಬಿಟ್ಟರೂ ಸುಸ್ತು, ಜ್ವರಕ್ಕೂ ಸುಸ್ತು. ನನ್ನ ಕೋಶಗಳದ್ದು ದಣಿವಲ್ಲ, ನಿತ್ರಾಣ. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ಒಂದೇ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಹಾಕಿ ತಿದ್ದಬೇಕು. ‘ಸುಸ್ತು!’ ಮೇಲೆ ಗೆರೆ ಎಳೆದು ‘ನಿತ್ರಾಣ’ ಅಂತ ಬರೆದೆ. ಆ ಪುಟ ಈಗಲೂ ಇದೆ.

ಮೇಡಂಗೆ ಹೇಳಲು ಹೋದಾಗ ಬಾಗಿಲ ಹೊರಗೆ ಹತ್ತು ನಿಮಿಷ ನಿಂತಿದ್ದೆ. ಒಳಗೆ ಹೋಗಿ, ಕ್ವಾರಂಟೈನ್ ಮಾಡದೆ ಬಿಟ್ಟುಕೊಂಡದ್ದು ನಾನೇ ಅಂತ ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. “ಈ ರಾಜಿ ಎಷ್ಟು ವಯಲ್ ಫ್ರೀಜ್ ಮಾಡಿದೀಯ? ಯಾರ್‌ ಯಾರಿಗೆ ಕೊಟ್ಟಿದೀಯ? ಮೊದ್ಲು ಅವ್ರಿಗೆ ಫೋನ್ ಮಾಡು” ಅಂದರು. ಇಬ್ಬರಿಗೆ ಕೊಟ್ಟಿದ್ದೆ. ಇಬ್ಬರಿಗೂ ಫೋನ್ ಮಾಡಿದೆ. ವಯಲ್ ಬಂದಿದ್ದ ಲ್ಯಾಬಿಗೂ ತಿಳಿಸಿದೆ. ಪೋಸ್ಟರ್ ವಾಪಸು ತೆಗೆದುಕೊಂಡೆ. ಆಮೇಲೆ ಒಂದು ವಾರ ನಾನೂ ಅಟೆಂಡರ್ ಅಣ್ಣನೂ ಸೇರಿ ಇನ್‌ಕ್ಯುಬೇಟರಿನ ಒಂದೊಂದು ತಟ್ಟೆ ಬಿಚ್ಚಿ ತೊಳೆದೆವು, ಮೀಡಿಯಾ ಬಾಟಲಿಗಳನ್ನೆಲ್ಲ ಬ್ಲೀಚ್ ಹಾಕಿ ಚೆಲ್ಲಿದೆವು, ದ್ರವ ನೈಟ್ರೋಜನ್ನಿನ ಮೈನಸ್ 196 ಡಿಗ್ರಿಯ ಟ್ಯಾಂಕಿನಿಂದ ಆ ಸಾಲಿನ ಎಲ್ಲ ವಯಲ್‌ಗಳನ್ನು ಹೊರತೆಗೆದು ಆಟೋಕ್ಲೇವಿಗೆ ಹಾಕಿದೆವು. ಮೂರು ಜನ ರಕ್ತ ಕೊಟ್ಟಿದ್ದರು ಅನ್ನುವುದೇ ನನ್ನನ್ನು ಹೆಚ್ಚು ಚುಚ್ಚಿದ್ದು. ದುಡ್ಡು, ಸಮಯ ಆಮೇಲೆ. ಸೂಜಿ ಚುಚ್ಚಿಸಿಕೊಂಡು ಕೈ ಚಾಚಿದವರ ರಕ್ತವನ್ನು ನಾನು ಕಳ್ಳರಿಗೆ ಬಡಿಸಿದ್ದೆ.

ಶುದ್ಧ ರಾಜಿ ತರಿಸಿ, ಎರಡು ವಾರ ಬೇರೆ ಇಟ್ಟು, ಪರೀಕ್ಷೆ ಮಾಡಿ, ಮತ್ತೆ ಮೊದಲಿನಿಂದ. ಈ ಸಲ ಟಿ ಕೋಶಗಳು ಐದು ಸುತ್ತು ಸಲೀಸಾಗಿ ಕೊಂದವು. ಆರನೆಯದರಲ್ಲಿ ನಿಧಾನವಾದವು, ಏಳಕ್ಕೆ ನಿಂತವು. ಪಿಡಿ-1, ಟಿಮ್-3, ಲ್ಯಾಗ್-3 ಮೂರೂ ಏರಿದ್ದವು, ಐಎಲ್-2 ಇಲ್ಲವಾಗಿತ್ತು. ಕಾರ್ ಇಲ್ಲದವು ಆರಾಮಾಗಿದ್ದವು. ನಿಜವಾದ ದಣಿವು ಹೀಗಿರುತ್ತದೆ ಅಂತ ಅವತ್ತು ಕಂಡೆ. ಅರ್ಜಿನಿನ್ ಹಾಕಿದೆ. ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಹೊಟ್ಟೆ ತುಂಬಿರುವವನಿಗೆ ಇನ್ನೊಂದು ಮುದ್ದೆ ಬಡಿಸಿದರೆ ದಣಿವು ಹೋಗುತ್ತದೆಯೇ? ಅವಕ್ಕೆ ಬೇಕಿದ್ದದ್ದು ಬೇರೆ. 2021ರಲ್ಲಿ ಸ್ಟ್ಯಾನ್‌ಫರ್ಡಿನ ಕ್ರಿಸ್ಟಲ್ ಮಕಾಲ್ ಅವರ ತಂಡ ತೋರಿಸಿದ ಹಾಗೆ, ಕಾರ್‌ನ ಸಂಕೇತವನ್ನು ಕೆಲವು ದಿನ ತಡೆದು ಕೋಶಗಳಿಗೆ ಬಿಡುವು ಕೊಟ್ಟರೆ ಅವು ಚೇತರಿಸಿಕೊಳ್ಳುತ್ತವೆ. ಅವರು ಅದಕ್ಕೆ ಬಳಸಿದ್ದರಲ್ಲಿ ಒಂದು ದಸಾಟಿನಿಬ್, ಲ್ಯುಕೇಮಿಯಾಗೆ ಮೊದಲಿನಿಂದಲೂ ಕೊಡುತ್ತಿರುವ ಮಾತ್ರೆ. ನಾನೀಗ ಮಾಡುತ್ತಿರುವುದು ಆ ದಾರಿಯದ್ದೇ ಕೆಲಸ: ಯಾವ ಸುತ್ತಿನ ನಂತರ ಬಿಡುವು ಕೊಡಬೇಕು, ಎಷ್ಟು ದಿನ, ತಡವಾದರೆ ಏನಾಗುತ್ತದೆ. ತಡವಾದರೆ ಚೇತರಿಕೆ ಕಷ್ಟ. ಅಷ್ಟು ಮಾತ್ರ ನನ್ನ ಬಾವಿಗಳಲ್ಲಿ ಸದ್ಯಕ್ಕೆ ಸ್ಪಷ್ಟವಾಗಿ ಕಾಣುತ್ತಿದೆ.

ಇಲ್ಲೊಂದು ಮಾತು ಹೇಳಬೇಕು. ಕೊರೊನಾ ಬಂದು ಹೋದ ಮೇಲೆ ಊರಿಗೆ ಹೋದಾಗಲೆಲ್ಲ ಯಾರಾದರೂ “ಇಮ್ಯುನಿಟಿ ಜಾಸ್ತಿ ಆಗಕ್ಕೆ ಏನ್ ತಿನ್ಬೇಕು?” ಅಂತ ಕೇಳುತ್ತಾರೆ. ಅಂಗಡಿಯಲ್ಲಿ ಅದರ ಹೆಸರಲ್ಲಿ ಪುಡಿ, ಕಷಾಯ, ಬಿಸ್ಕತ್ತು ಎಲ್ಲ ಇವೆ. ರೋಗನಿರೋಧಕ ಶಕ್ತಿ ಅನ್ನುವುದು ಹಾಲಿನಲ್ಲಿ ಸಕ್ಕರೆಯಂತೆ ಹೆಚ್ಚು ಹಾಕಿದಷ್ಟೂ ಒಳ್ಳೆಯದು ಅನ್ನುವ ವಸ್ತುವಲ್ಲ. ಅದರ ಅರ್ಧ ಕೆಲಸವೇ ತಡೆದುಕೊಳ್ಳುವುದು. 2025ರ ನೊಬೆಲ್ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೋನ್ ಸಕಾಗುಚಿ ಅವರಿಗೆ ಸಂದದ್ದು ಉಳಿದ ಕೋಶಗಳನ್ನು ತಡೆಯುವುದನ್ನೇ ಕಸುಬಾಗಿಸಿಕೊಂಡ ಟಿ ಕೋಶಗಳ ಕೆಲಸಕ್ಕೆ. ಆ ತಡೆ ಇಲ್ಲದೆ ಹುಟ್ಟಿದ ಮಕ್ಕಳ ದೇಹವನ್ನು ಅವರದೇ ಟಿ ಕೋಶಗಳು ತಿನ್ನತೊಡಗುತ್ತವೆ. ಪಿಡಿ-1 ಲಗಾಮು ಕೂಡ ಶತ್ರುವಲ್ಲ. ವೈರಸ್ ವರ್ಷಗಟ್ಟಲೆ ಮೈಯಲ್ಲಿ ಉಳಿದಾಗ ಟಿ ಕೋಶಗಳು ಕೈ ಕಟ್ಟಿಕೊಳ್ಳದಿದ್ದರೆ ಯಕೃತ್ತು, ಶ್ವಾಸಕೋಶ ಉಳಿಯುತ್ತಿರಲಿಲ್ಲ. ಲಗಾಮು ಸಡಿಲಿಸುವ ಔಷಧಿ ಪಡೆದ ಕೆಲವರಿಗೆ ಕರುಳು, ಥೈರಾಯ್ಡ್ ಉರಿಯೂತವಾಗುವುದು ಇದೇ ಕಾರಣಕ್ಕೆ. ಕೇಳಿದವರಿಗೆ ಇಷ್ಟನ್ನೂ ಹೇಳುತ್ತೇನೆ, ತಾಳ್ಮೆಯಿಂದ. ಲಸಿಕೆ ತಪ್ಪಿಸಬೇಡಿ, ನಿದ್ದೆ ಮಾಡಿ, ಪುಡಿಗೆ ದುಡ್ಡು ಹಾಕಬೇಡಿ ಅಂತಲೂ.

ಆ ಹುಡುಗ, ಪ್ರಶ್ನೆ ಕೇಳಿದವನು, ಈಗ ಪಿಎಚ್‌ಡಿ ಮಾಡುತ್ತಿದ್ದಾನೆ. ಹೋದ ತಿಂಗಳು ಅವನಿಗೆ ನಾನು ಡ್ಯಾಪಿ ಪಟ್ಟಿ ಮಾಡುವುದನ್ನು ಹೇಳಿಕೊಟ್ಟೆ. ನಮ್ಮ ಲ್ಯಾಬಿನಲ್ಲಿ ಈಗ ಪ್ರತಿ ಹದಿನೈದು ದಿನಕ್ಕೊಮ್ಮೆ ಎಲ್ಲ ಕೋಶಗಳಿಗೂ ಈ ಪರೀಕ್ಷೆ ನಡೆಯುತ್ತದೆ, ಪ್ರಯೋಗ ಎಷ್ಟೇ ತುರ್ತಿದ್ದರೂ.

ಈ ಭಾನುವಾರ ಲ್ಯಾಬಿನಲ್ಲಿ ನಾನೊಬ್ಬಳೇ. ಮೀಡಿಯಾ ಬದಲಾಯಿಸಿ, ಕತ್ತಲೆ ಕೋಣೆಗೆ ಹೋಗಿ ರಾಜಿಯ ಪಟ್ಟಿ ನೋಡಿದೆ. ನೀಲಿ ಉಂಡೆಗಳು, ಸುತ್ತ ಕಡುಗಪ್ಪು. ಇನ್ನೊಂದು ಜಾಗ ನೋಡಿದೆ, ಅದೂ ಹಾಗೇ. ಹೊರಗೆ ಬರುವಷ್ಟರಲ್ಲಿ ಅಮ್ಮನ ಫೋನು. “ಆ ಹುಡುಗ ಹೇಗಿದಾನೆ?” ಅಂದಳು. “ಚೆನ್ನಾಗಿದಾನಮ್ಮ” ಅಂದೆ. ನಾಳೆ ಬೆಳಿಗ್ಗೆ ಎಂಟಕ್ಕೆ ಐದನೇ ಸುತ್ತು.